ಹೊಸ ಚೀನಾ, ಹಳೆಯ ಚೀನಾ ಒಟ್ಟಿಗೇ ನೋಡಲು ಯಾವ ಊರು? ಶಾಂಘೈ, ಬೀಜಿಂಗ್, ಚೆಂಗ್ಡು, ಜಿಂಗ್ಡೆಝೆನ್: ಒಂದು ಹೋಲಿಕೆ

2020ರಲ್ಲಿ ನಿಂತುಹೋಗಿದ್ದ ಭಾರತ–ಚೀನಾ ನೇರ ವಿಮಾನಗಳು 2025ರ ಅಕ್ಟೋಬರ್ ಕೊನೆಯಲ್ಲಿ ಮತ್ತೆ ಶುರುವಾದವು. ಮೊದಲು ಹಾರಿದ್ದು ಕೋಲ್ಕತ್ತಾದಿಂದ ಗುವಾಂಗ್‌ಝೌಗೆ. ಅಲ್ಲಿಂದೀಚೆಗೆ ಓದುಗರು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ: ವಾರ ಹತ್ತು ದಿನ ರಜೆ ಇದೆ, ಮಹಾಗೋಡೆಯ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳುವುದಷ್ಟೇ ಆಸೆಯಲ್ಲ, ಅಲ್ಲಿನ ಹುಡುಗ ಹುಡುಗಿಯರು ಈಗ ಹೇಗೆ ಬದುಕುತ್ತಿದ್ದಾರೆ, ಊರುಗಳನ್ನು ಹೇಗೆ ಕಟ್ಟಿಕೊಂಡಿದ್ದಾರೆ, ಹಳೆಯದನ್ನೆಲ್ಲ ಏನು ಮಾಡಿದ್ದಾರೆ ಅಂತ ನೋಡಬೇಕು, ಎಲ್ಲಿಗೆ ಹೋಗೋಣ? ಕೆಲವರು ಶಾಂಘೈ, ಬೀಜಿಂಗ್ ನಡುವೆ ತೂಗುತ್ತಾ ಕೂತಿರುತ್ತಾರೆ. ಕೆಲವರ ಪಟ್ಟಿಯಲ್ಲಿ ಆರೇಳು ಊರುಗಳಿರುತ್ತವೆ. ಹತ್ತು ದಿನದಲ್ಲಿ ಆರು ಊರು ನೋಡಿದರೆ ರೈಲು ನಿಲ್ದಾಣಗಳನ್ನು ಚೆನ್ನಾಗಿ ನೋಡಿದಂತಾಗುತ್ತದೆ, ಅಷ್ಟೇ. ಒಂದು, ಹೆಚ್ಚೆಂದರೆ ಎರಡು-ಮೂರು ಊರು ಸಾಕು. ಯಾವುವು ಎಂಬುದನ್ನು ಕೆಳಗಿನ ಅಳತೆಗೋಲುಗಳಿಂದ ನೀವೇ ತೀರ್ಮಾನಿಸಬಹುದು.

ನಾನು ಎಲ್ಲಕ್ಕಿಂತ ಮೇಲಿಡುವ ಅಳತೆಗೋಲು ಇದು: ಆ ಊರಿನಲ್ಲಿ ಸಂಪ್ರದಾಯ ಬಳಕೆಯಲ್ಲಿದೆಯೋ, ಪ್ರದರ್ಶನಕ್ಕಿದೆಯೋ? ಚೀನಾದ ಬಹುತೇಕ ದೊಡ್ಡ ಊರುಗಳಲ್ಲಿ ಒಂದು ‘ಪುರಾತನ ಬೀದಿ’ ಇರುತ್ತದೆ. ಬೂದು ಇಟ್ಟಿಗೆ, ಕೆಂಪು ಲಾಟೀನು, ಒಳಗೆ ಎಲ್ಲ ಊರಲ್ಲೂ ಸಿಗುವ ಅದೇ ತಿಂಡಿ, ಅದೇ ಬೀಸಣಿಗೆ. ಹಳೆಯದನ್ನು ಕೆಡವಿ ಮೊನ್ನೆ ಮೊನ್ನೆ ಕಟ್ಟಿದ ಬೀದಿಗಳು ಇವುಗಳಲ್ಲಿ ಎಷ್ಟೋ. ಅದರ ಪಕ್ಕದ ಓಣಿಯಲ್ಲೇ ಇಪ್ಪತ್ತೈದರ ಹುಡುಗಿ ಅಜ್ಜನ ಕಾಲದ ಕುಶಲಕೆಲಸವನ್ನು ಹೊಟ್ಟೆಪಾಡಿಗೆ ಮಾಡುತ್ತಿರಬಹುದು. ನೋಡಬೇಕಾದ್ದು ಆ ಓಣಿ. ಎರಡನೆಯದು, ವಿನ್ಯಾಸ ಒಳಹೊಕ್ಕು ನೋಡುವಂತಿದೆಯೋ, ದೂರದಿಂದ ಬರೀ ದೀಪದ ಗೋಪುರವೋ. ಮೂರನೆಯದು, ಯುವಜನ ಬಿಡುವಾಗಿ ಕೂರುವ ಜಾಗಗಳಿವೆಯೋ. ಓಡುತ್ತಿರುವವರನ್ನು ನೋಡಿ ಏನೂ ತಿಳಿಯುವುದಿಲ್ಲ. ನಾಲ್ಕನೆಯದು ನಮ್ಮವರಲ್ಲಿ ಬಹಳ ಜನಕ್ಕೆ ಮೊದಲನೆಯದೇ ಆಗಿರುತ್ತದೆ: ಸಸ್ಯಾಹಾರ. ಕೊನೆಗೆ ದುಡ್ಡು ಮತ್ತು ಕಾಲಿನ ಶಕ್ತಿ.

ಒಂದು ಹಿನ್ನೆಲೆ ತಿಳಿದಿದ್ದರೆ ಯಾವ ಊರಿಗೆ ಹೋದರೂ ಕಣ್ಣಿಗೆ ಬೀಳುವುದು ಹೆಚ್ಚು. ಈಗಿನ ಚೀನೀ ಯುವಜನ ಸಂಪ್ರದಾಯದ ಕಡೆ ತಿರುಗಿದ್ದು ಸರ್ಕಾರ ಹೇಳಿತೆಂದು ಮಾತ್ರವಲ್ಲ. ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತರವರೆಗೆ, ವಾರಕ್ಕೆ ಆರು ದಿನದ ದುಡಿಮೆ. 2021ರ ಹೊತ್ತಿಗೆ ‘ಸಾಕಪ್ಪ, ಮಲಗಿಬಿಡೋಣ’ ಎಂಬ ಮನೋಭಾವ. 2023ರ ಜೂನ್‌ನಲ್ಲಿ ನಗರಗಳ 16ರಿಂದ 24 ವಯಸ್ಸಿನವರಲ್ಲಿ ಶೇ 21.3ರಷ್ಟು ನಿರುದ್ಯೋಗ. ಇದೇ ಹೊತ್ತಿನಲ್ಲಿ ದೇವಾಲಯಗಳ ಮುಂದೆ ಯುವಜನರ ಸಾಲು ಬೆಳೆಯಿತು, ಮಿಂಗ್ ಕಾಲದ ನೆರಿಗೆಯ ‘ಮಾಮಿಯಾನ್’ ಲಂಗವನ್ನು ಟೀಶರ್ಟು, ಕ್ಯಾನ್ವಾಸ್ ಶೂ ಜೊತೆ ಆಫೀಸಿಗೆ ಉಡುವುದು ಶುರುವಾಯಿತು. ಹಾನ್‌ಫು ಎಂಬ ಹಳೆಯ ಉಡುಗೆಯ ಚಳವಳಿ ಇನ್ನೂ ಹಿಂದಿನದು. 2003ರಲ್ಲಿ ಝೆಂಗ್‌ಝೌನ ಒಬ್ಬ ಸಾಮಾನ್ಯ ಕೆಲಸಗಾರ ಅದನ್ನುಟ್ಟು ಬೀದಿಯಲ್ಲಿ ನಡೆದಾಗ ಜನ ತಿರುತಿರುಗಿ ನೋಡಿದ್ದರು. ಈಗ ಮೆಟ್ರೊದಲ್ಲಿ ಎದುರು ಸೀಟಿನಲ್ಲಿ ಹಾನ್‌ಫು ಉಟ್ಟವರು ಕೂತರೆ ಯಾರೂ ತಲೆಯೆತ್ತುವುದಿಲ್ಲ.

ಶಾಂಘೈ

ಮೊದಲ ಸಲ ಹೋಗುವವರಿಗೆ ಎಲ್ಲ ರೀತಿಯಲ್ಲೂ ಸಲೀಸಾದ ಊರು ಇದು. ಮೆಟ್ರೊ ಎಂಟುನೂರು ಕಿಲೋಮೀಟರಿಗೂ ಉದ್ದ, ಫಲಕಗಳಲ್ಲಿ ಇಂಗ್ಲಿಷ್ ಇದೆ, ಟಿಕೆಟ್ ಮೂರು ಯುವಾನ್‌ನಿಂದ ಶುರು (ಒಂದು ಯುವಾನ್ ಅಂದರೆ ಸುಮಾರು ಹನ್ನೆರಡು-ಹದಿಮೂರು ರೂಪಾಯಿ). ಆದರೆ ‘ಹಳೆಯ ಚೀನಾ’ ಹುಡುಕಿ ಹೋದರೆ ನಿರಾಸೆಯಾದೀತು. 1843ರಲ್ಲಿ ವಿದೇಶಿ ವ್ಯಾಪಾರಕ್ಕೆ ತೆರೆದುಕೊಂಡ ಮೇಲೆ ದೊಡ್ಡದಾದ ಊರು ಇದು. ಇಲ್ಲಿ ಹಳೆಯದೆಂದರೆ ಬಹುಪಾಲು ನೂರು, ನೂರೈವತ್ತು ವರ್ಷದ್ದು. ಅದೂ ಅರ್ಧ ಪಶ್ಚಿಮ, ಅರ್ಧ ಚೀನಾ.

ಆ ಬೆರಕೆಯ ಒಳ್ಳೆಯ ಮಾದರಿ ಶಿಕುಮೆನ್ ಎಂಬ ಓಣಿಮನೆಗಳು. ಕಲ್ಲಿನ ಚೌಕಟ್ಟಿಗೆ ಎರಡು ಪಡಿಯ ಕಪ್ಪು ಮರದ ಬಾಗಿಲು, ಒಳಗೆ ಪುಟ್ಟ ಅಂಗಳ, ಸಾಲಿಗೆ ಸಾಲು ಅಂಟಿಕೊಂಡ ಮನೆಗಳು. ಇವುಗಳಿಗೆ ಏನಾಯಿತು ಎಂಬುದನ್ನು ಮೂರು ಜಾಗಗಳಲ್ಲಿ ಮೂರು ಥರ ನೋಡಬಹುದು. 2001ರ ಸುಮಾರಿಗೆ ತೆರೆದ ಶಿಂಟಿಯಾಂಡಿಯಲ್ಲಿ ನಿವಾಸಿಗಳನ್ನು ಬೇರೆಡೆ ಕಳಿಸಿ, ಗೋಡೆಗಳ ಹೊರಮೈ ಉಳಿಸಿ, ಒಳಗೆ ಹೋಟೆಲು, ಬಾರು ಕೂರಿಸಿದರು. 2022ರ ಕೊನೆಗೆ ತೆರೆದ ಝಾಂಗ್‌ಯುವಾನ್‌ನಲ್ಲಿ ರಿಪೇರಿ ಬಹಳ ನಾಜೂಕು, ಆದರೆ ಒಳಗಿರುವುದು ದುಬಾರಿ ಬ್ರ್ಯಾಂಡುಗಳು. ಮೂರನೆಯದು ಹೆಸರಿಲ್ಲದ ಓಣಿಗಳು: ಹಳೆಯ ಫ್ರೆಂಚ್ ವಸಾಹತು ಪ್ರದೇಶದ ಮರಗಳ ಸಾಲಿನ ರಸ್ತೆಗಳಿಂದ ಒಳಕ್ಕೆ ಕವಲೊಡೆಯುವಂಥವು. ಅಲ್ಲಿ ಕೆಳಗೆ ಆರು ಕುರ್ಚಿಯ ಕಾಫಿ ಅಂಗಡಿ, ಮೇಲಿನ ಕಿಟಕಿಯಿಂದ ಬಿದಿರಗಳುವಿಗೆ ಸಿಕ್ಕಿಸಿದ ಒಗೆದ ಬಟ್ಟೆ. ಕಾಫಿ ಅಂಗಡಿಗಳ ಲೆಕ್ಕದಲ್ಲಿ ಜಗತ್ತಿನ ಯಾವ ಊರಿಗೂ ಕಡಿಮೆಯಿಲ್ಲ ಶಾಂಘೈ, ಎಂಟು ಸಾವಿರಕ್ಕೂ ಹೆಚ್ಚಿವೆ. ವಾರಾಂತ್ಯದಲ್ಲಿ ವುಕಾಂಗ್ ರಸ್ತೆಯ ಮೂಲೆಯಲ್ಲಿ ಹಡಗಿನ ಮೂತಿಯಂತೆ ಚಾಚಿಕೊಂಡ 1924ರ ವಸತಿ ಕಟ್ಟಡದ ಮುಂದೆ (ಲಾಸ್ಲೊ ಹುಡೆಕ್ ವಿನ್ಯಾಸ) ಫೋಟೊ ತೆಗೆಯುವ ಯುವಜನರನ್ನು ದಾಟಿ ನಡೆಯುವುದೇ ಕಷ್ಟ. ಅದೇ ರಸ್ತೆಗೆ ಮಂಗಳವಾರ ಬೆಳಿಗ್ಗೆ ಹೋಗಿ.

ವಿನ್ಯಾಸಕ್ಕಾಗಿ ಹೋಗುವವರು ಪುಡೊಂಗ್ ಕಡೆಯ ಗೋಪುರಗಳಿಗೆ ಒಂದು ಸಂಜೆ ಕೊಟ್ಟರೆ ಸಾಕು. 632 ಮೀಟರಿನ ಶಾಂಘೈ ಟವರ್ ಮೇಲಕ್ಕೆ ಹೋಗುತ್ತಾ ತಿರುಚಿಕೊಳ್ಳುತ್ತದೆ. ಪಕ್ಕದ ಜಿನ್‌ಮಾವೊ ಗೋಪುರ ಪಗೋಡದ ಅಂತಸ್ತುಗಳನ್ನು ಉಕ್ಕು, ಗಾಜಿನಲ್ಲಿ ಮತ್ತೆ ಕಟ್ಟಿದೆ. ಉಳಿದ ಸಮಯವೆಲ್ಲ ಹುವಾಂಗ್‌ಪು ನದಿಯ ಪಶ್ಚಿಮ ದಂಡೆಗೆ ಇರಲಿ. ಕಲ್ಲಿದ್ದಲು ಇಳಿಸುತ್ತಿದ್ದ ಕಟ್ಟೆಯ ಜಾಗದಲ್ಲಿ ಲಾಂಗ್ ಮ್ಯೂಸಿಯಂ (2014) ಇದೆ, ಹಳೆಯ ಕಲ್ಲಿದ್ದಲು ಸೇತುವೆಯನ್ನು ಹಾಗೇ ಬಿಟ್ಟು ಅದರ ಸುತ್ತ ಕಾಂಕ್ರೀಟಿನ ಕಮಾನುಗಳನ್ನು ಬೆಳೆಸಿದ್ದಾರೆ. ವಿಮಾನ ಇಂಧನದ ಟ್ಯಾಂಕುಗಳೇ ಕಲಾ ಗ್ಯಾಲರಿಗಳಾಗಿವೆ (2019). ವಿದ್ಯುತ್ ಸ್ಥಾವರವೊಂದು 2012ರಿಂದ ಸಮಕಾಲೀನ ಕಲೆಯ ಸರ್ಕಾರಿ ಸಂಗ್ರಹಾಲಯ.

ಯುವಜನರ ಮನಸ್ಸು ತಿಳಿಯಲು ಶಾಂಘೈನಲ್ಲಿ ನಾನು ಸೂಚಿಸುವ ಜಾಗದಲ್ಲಿ ಯುವಜನರೇ ಇರುವುದಿಲ್ಲ. ಶನಿವಾರ, ಭಾನುವಾರ ಮಧ್ಯಾಹ್ನ ಪೀಪಲ್ಸ್ ಪಾರ್ಕಿನ ದಾರಿಗಳುದ್ದಕ್ಕೂ ತೆರೆದ ಛತ್ರಿಗಳು ನೆಲದ ಮೇಲೆ ಸಾಲಾಗಿ ಕೂತಿರುತ್ತವೆ. ಒಂದೊಂದು ಛತ್ರಿಗೂ ಒಂದೊಂದು ಹಾಳೆ: ಹುಟ್ಟಿದ ವರ್ಷ, ಎತ್ತರ, ಓದು, ಸಂಬಳ, ಸ್ವಂತ ಮನೆ ಇದೆಯೋ ಇಲ್ಲವೋ, ಶಾಂಘೈ ನಿವಾಸಿ ಎಂಬ ನೋಂದಣಿ ಇದೆಯೋ. ಪಕ್ಕದಲ್ಲಿ ಮಡಚುವ ಸ್ಟೂಲಿನ ಮೇಲೆ ಅಪ್ಪನೋ ಅಮ್ಮನೋ. ಕನ್ನಡಕ ಸರಿಮಾಡಿಕೊಂಡು ಎದುರಿನ ಛತ್ರಿಯ ಹಾಳೆ ಓದುತ್ತಾರೆ, ನಂಬರು ಬರೆದುಕೊಳ್ಳುತ್ತಾರೆ. ವರ-ವಧುಗಳಲ್ಲಿ ಎಷ್ಟೋ ಜನಕ್ಕೆ ತಮ್ಮ ಹಾಳೆ ಅಲ್ಲಿರುವುದೇ ಗೊತ್ತಿರುವುದಿಲ್ಲ. ಜಾತಕ ಹಿಡಿದು ಅಲೆದವರ ಮನೆಗಳಿಂದ ಬಂದ ನಮಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ದಯವಿಟ್ಟು ಮುಖಗಳ ಫೋಟೊ ತೆಗೆಯಬೇಡಿ, ಅವರಿಗೆ ಅದು ಇಷ್ಟವಾಗುವುದಿಲ್ಲ.

ಸಸ್ಯಾಹಾರಕ್ಕೆ ಶಾಂಘೈ ಒಳ್ಳೆಯ ಊರು. 1922ರಲ್ಲಿ ಶುರುವಾದ ಗಾಂಗ್‌ಡೆಲಿನ್ ಎಂಬ ಬೌದ್ಧ ಸಸ್ಯಾಹಾರಿ ಹೋಟೆಲು ಇಂದಿಗೂ ನಡೆಯುತ್ತಿದೆ, ಭಾರತೀಯ ಊಟವೂ ಸಿಗುತ್ತದೆ. ತೊಂದರೆ ಇರುವುದು ಜೇಬಿಗೆ. ನಡು ಊರಲ್ಲಿ ಮೆಟ್ರೊ ಹತ್ತಿರದ ಸಾಧಾರಣ ಹೋಟೆಲಿನ ಕೋಣೆಗೆ ದಿನಕ್ಕೆ ನಾನೂರು, ಐನೂರು ಯುವಾನ್ ಇಟ್ಟುಕೊಳ್ಳಿ. ಒಂದು ಲೋಟ ಒಳ್ಳೆಯ ಕಾಫಿಗೆ ಮೂವತ್ತರ ಮೇಲೆ.

ಶಾಂಘೈ ಆಯ್ದುಕೊಂಡವರು ಹ್ಯಾಂಗ್‌ಝೌಗೆ ಎರಡು ದಿನ ಕೊಡದೆ ಬರಬೇಡಿ. ವೇಗದ ರೈಲಿನಲ್ಲಿ ಒಂದು ತಾಸಿನ ದಾರಿ. ಶಾಂಘೈಗೆ ಕಡಿಮೆಯಿರುವ ಆಳವನ್ನು ಹ್ಯಾಂಗ್‌ಝೌ ತುಂಬಿಕೊಡುತ್ತದೆ. ಇಲ್ಲಿನ ಚೈನಾ ಅಕಾಡೆಮಿ ಆಫ್ ಆರ್ಟ್‌ನ ಶಿಯಾಂಗ್‌ಶಾನ್ ಆವರಣವನ್ನು ಕಟ್ಟಿದವರು ವಾಂಗ್ ಶು ಮತ್ತು ಲು ವೆನ್‌ಯು ದಂಪತಿ. ಸುತ್ತಲ ಪ್ರಾಂತ್ಯದಲ್ಲಿ ಕೆಡವಿದ ಹಳೆಯ ಮನೆಗಳ ಹೆಂಚುಗಳನ್ನು, ಲಕ್ಷಗಟ್ಟಲೆ, ತಂದು ಹೊಸ ಕಟ್ಟಡಗಳ ಚಾವಣಿಗೆ ಹೊದಿಸಿದ್ದಾರೆ. ಹತ್ತಿರ ಹೋಗಿ ನೋಡಿದರೆ ಒಂದೊಂದು ಹೆಂಚಿನ ಬೂದು ಬಣ್ಣ ಒಂದೊಂದು ಥರ, ಅಂಚುಗಳು ಮುಕ್ಕಾಗಿವೆ, ಸಂದಿಯಲ್ಲಿ ಪಾಚಿ. ವಾಂಗ್ ಶುಗೆ 2012ರಲ್ಲಿ ವಾಸ್ತುಶಿಲ್ಪದ ದೊಡ್ಡ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು. ಅದೇ ಆವರಣದಲ್ಲಿ ಜಪಾನಿನ ವಾಸ್ತುಶಿಲ್ಪಿ ಕೆಂಗೊ ಕುಮಾ ಕಟ್ಟಿದ ಜಾನಪದ ಕಲಾ ಸಂಗ್ರಹಾಲಯವೂ ಇದೆ. ಇನ್ನು ಲಿಂಗ್‌ಯಿನ್ ದೇವಾಲಯ. ನಾಲ್ಕನೆಯ ಶತಮಾನದಲ್ಲಿ ಅದನ್ನು ಕಟ್ಟಿಸಿದವನು ಹುಯಿಲಿ ಎಂಬ ಭಾರತೀಯ ಭಿಕ್ಷು ಎಂದು ಅಲ್ಲಿನ ಸ್ಥಳಪುರಾಣ ಹೇಳುತ್ತದೆ. ಎದುರಿನ ಬೆಟ್ಟವನ್ನು ಕಂಡು ‘ಇದು ನಮ್ಮ ದೇಶದ್ದು, ಇಲ್ಲಿಗೆ ಹಾರಿಬಂದಿದೆ’ ಎಂದನಂತೆ. ಬೆಟ್ಟದ ಹೆಸರೂ ಹಾಗೇ ಇದೆ. ಅಲ್ಲಿ ಮಂತ್ರಿಸಿದ ಮಣಿಗಳ ಕೈಕಟ್ಟಿಗಾಗಿ ಸಾಲು ನಿಂತವರಲ್ಲಿ ಹೆಚ್ಚಿನವರು ಇಪ್ಪತ್ತರ ಆಸುಪಾಸಿನವರು.

ಬೀಜಿಂಗ್

ಇತಿಹಾಸದ ತೂಕ ಬೇಕೆನ್ನುವವರಿಗೆ ಬೀಜಿಂಗ್. 1420ರಲ್ಲಿ ಪೂರ್ತಿಯಾದ ಚಕ್ರವರ್ತಿಗಳ ಅರಮನೆ (ಫರ್ಬಿಡನ್ ಸಿಟಿ) ಇನ್ನೂ ಊರಿನ ನಟ್ಟನಡುವೆ ಇದೆ. ಅದನ್ನು ಹಾದು ಉತ್ತರ-ದಕ್ಷಿಣವಾಗಿ ಎಳೆದ ನಡುಗೆರೆಯ ಮೇಲೆ ಹಳೆಯ ಊರು ನಿಂತಿದೆ. ಆ ನಡುಗೆರೆಗೆ 2024ರಲ್ಲಿ ವಿಶ್ವಪರಂಪರೆಯ ಮನ್ನಣೆ ಸಿಕ್ಕಿತು. ಹುತೋಂಗ್ ಎಂಬ ಓಣಿಗಳಲ್ಲಿ ನಾಲ್ಕು ಕಡೆ ಕೋಣೆ, ನಡುವೆ ಅಂಗಳವಿರುವ ತೊಟ್ಟಿಮನೆಗಳು. ಹೊಸ ವಿನ್ಯಾಸಕಾರರಿಗೆ ಈ ಅಂಗಳಗಳೇ ಪ್ರಯೋಗಶಾಲೆ. ಮಾ ಯಾನ್‌ಸೊಂಗ್ ಒಂದು ಹುತೋಂಗ್ ಅಂಗಳದಲ್ಲಿ ಕನ್ನಡಿಯಂತೆ ಹೊಳೆಯುವ ಉಕ್ಕಿನ ಗುಳ್ಳೆಯೊಂದನ್ನು ಇಟ್ಟು ಒಳಗೆ ಬಚ್ಚಲುಮನೆ, ಮೆಟ್ಟಿಲು ಮಾಡಿದ. ಹುತೋಂಗ್‌ಗಳಿಂದ ಜನ ಹೊರಹೋಗಲು ಮನೆಯೊಳಗೆ ಶೌಚಾಲಯ ಇಲ್ಲದಿರುವುದೂ ದೊಡ್ಡ ಕಾರಣ. ಇಂದಿಗೂ ಓಣಿಯ ತುದಿಯ ಸಾರ್ವಜನಿಕ ಶೌಚಾಲಯಕ್ಕೆ ನೈಟಿ, ಚಪ್ಪಲಿಯಲ್ಲಿ ನಡೆದುಬರುವವರನ್ನು ಕಾಣುತ್ತೀರಿ. ಪರಂಪರೆ ಉಳಿಸುವುದೆಂದರೆ ಇದನ್ನೂ ಬಗೆಹರಿಸುವುದು ಎಂಬುದನ್ನು ಆ ಗುಳ್ಳೆ ನೇರವಾಗಿ ಹೇಳಿತು.

ಯೊಂಗ್‌ಹೆಗೊಂಗ್ ಲಾಮಾ ದೇವಾಲಯದಿಂದ ಶುರುಮಾಡಿ, ಪಕ್ಕದ ಕನ್ಫ್ಯೂಷಿಯಸ್ ದೇವಾಲಯ, ಅಲ್ಲಿಂದ ಪುಸ್ತಕ ಮತ್ತು ಕಾಫಿ ಅಂಗಡಿಗಳ ವುದಾವೊಯಿಂಗ್ ಹುತೋಂಗ್. ಒಂದು ದಿನಕ್ಕೆ ಇಷ್ಟೇ ಸಾಕು, ಬೇಕಾದ್ದೆಲ್ಲ ಇದರಲ್ಲಿದೆ. ಲಾಮಾ ದೇವಾಲಯದಲ್ಲಿ ಬಾಗಿಲಲ್ಲೇ ಊದುಬತ್ತಿ ಪುಕ್ಕಟೆ ಕೊಡುತ್ತಾರೆ. ಬೆನ್ನಿಗೆ ಲ್ಯಾಪ್‌ಟಾಪ್ ಚೀಲ ಹಾಕಿಕೊಂಡೇ ಮೂರು ದಿಕ್ಕಿಗೆ ಬಾಗಿ ಬೇಡಿಕೊಳ್ಳುವವರನ್ನು ನೋಡುತ್ತಾ ನಿಂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಇನ್ನೊಂದು ದಿನ 798 ಕಲಾ ಪ್ರದೇಶಕ್ಕೆ. 1950ರ ದಶಕದಲ್ಲಿ ಪೂರ್ವ ಜರ್ಮನಿಯ ನೆರವಿನಿಂದ ಕಟ್ಟಿದ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಅದು. ಗರಗಸದ ಹಲ್ಲಿನಂಥ ಚಾವಣಿಯಿಂದ ಉತ್ತರದ ಬೆಳಕು ಒಂದೇ ಸಮ ಇಳಿಯುತ್ತದೆ, ಕಮಾನುಗಳ ಮೇಲೆ ಮಾವೊ ಕಾಲದ ಕೆಂಪು ಘೋಷಣೆಗಳನ್ನು ಅಳಿಸದೆ ಬಿಟ್ಟಿದ್ದಾರೆ. ಈಗ ಬಾಡಿಗೆ ಏರಿ, ಸಣ್ಣ ಕಲಾವಿದರು ಬಹುಮಟ್ಟಿಗೆ ಹೊರಹೋಗಿದ್ದಾರೆ. ಕಲೆಗಿಂತ ಕಟ್ಟಡಕ್ಕಾಗಿ ನೋಡಿ.

ಬೀಜಿಂಗ್‌ನ ಕೊರತೆಗಳು ಸ್ಪಷ್ಟ. ಊರು ಹರಡಿಕೊಂಡಿದೆ, ಒಂದು ಮೆಟ್ರೊ ಬದಲಾವಣೆಗೇ ಅರ್ಧ ಕಿಲೋಮೀಟರ್ ನಡೆಸುತ್ತದೆ. ತಪಾಸಣೆ ಹೆಜ್ಜೆಹೆಜ್ಜೆಗೂ. ಅರಮನೆಯ ಟಿಕೆಟನ್ನು ಪಾಸ್‌ಪೋರ್ಟ್ ಸಂಖ್ಯೆ ಕೊಟ್ಟು ಏಳು ದಿನ ಮೊದಲು ಕಾಯ್ದಿರಿಸಬೇಕು, ಸೋಮವಾರ ರಜೆ. ಚಳಿಗಾಲದಲ್ಲಿ ಸೊನ್ನೆಗಿಂತ ಕೆಳಗಿನ ಒಣಗಾಳಿ. ವಯಸ್ಸಾದ ಅಪ್ಪ ಅಮ್ಮನನ್ನು ಕರೆದೊಯ್ಯುವವರು ಅರಮನೆ, ದೇವಾಲಯಗಳ ದೊಡ್ಡ ಹೊಸ್ತಿಲುಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಆದರೂ ಅವರನ್ನು ಬೆಳಗಿನ ಆರೂವರೆಗೆ ಸ್ವರ್ಗದೇಗುಲದ ಉದ್ಯಾನಕ್ಕೆ ಕರೆದೊಯ್ದರೆ ಪ್ರವಾಸ ಸಾರ್ಥಕ. ಅವರ ವಯಸ್ಸಿನವರೇ ಅಲ್ಲಿ ಕುಣಿಯುತ್ತಿರುತ್ತಾರೆ, ನೀರಲ್ಲಿ ಅದ್ದಿದ ಉದ್ದನೆಯ ಕುಂಚದಿಂದ ಕಲ್ಲುಹಾಸಿನ ಮೇಲೆ ಪದ್ಯ ಬರೆಯುತ್ತಿರುತ್ತಾರೆ.

ಚೆಂಗ್ಡು

ನನಗೇ ಒಂದು ಊರು ಆರಿಸು ಎಂದರೆ ಚೆಂಗ್ಡು. ಎರಡು ಕೋಟಿ ಜನಸಂಖ್ಯೆಯ ಊರು, ಆದರೂ ಜನಕ್ಕೆ ಕೂರಲು ಪುರಸೊತ್ತಿದೆ. ಮೂರನೆಯ ಅಳತೆಗೋಲಿನಲ್ಲಿ ಇದನ್ನು ಯಾವ ಊರೂ ಮೀರಿಸುವುದಿಲ್ಲ. ಇಲ್ಲಿನ ಪೀಪಲ್ಸ್ ಪಾರ್ಕಿನೊಳಗೆ ಕಳೆದ ಶತಮಾನದ ಇಪ್ಪತ್ತರ ದಶಕದ ಹೆಮಿಂಗ್ ಚಹಾಗೃಹವಿದೆ, ನಮ್ಮ ಅರಳಿಕಟ್ಟೆಯಂತೆ ಊರಿನ ಮಾತೆಲ್ಲ ಬಂದು ಸೇರುವ ಜಾಗ. ಬಿದಿರ ಕುರ್ಚಿ, ಮುಚ್ಚಳ ಮತ್ತು ತಟ್ಟೆ ಇರುವ ಬಟ್ಟಲು, ಅದರಲ್ಲಿ ಎಲೆ. ಒಮ್ಮೆ ದುಡ್ಡು ಕೊಟ್ಟರೆ ಸಂಜೆಯವರೆಗೂ ಬಿಸಿನೀರು ಬರುತ್ತಲೇ ಇರುತ್ತದೆ. ಉಕ್ಕಿನ ಚಿಮುಟವನ್ನು ಕಂಬಿಗೆ ತಾಗಿಸಿ ಝಣ್ ಎನ್ನಿಸುತ್ತಾ ಕಿವಿ ಸ್ವಚ್ಛ ಮಾಡುವವರು ಕುರ್ಚಿಗಳ ನಡುವೆ ಸುಳಿಯುತ್ತಾರೆ. ಒಂದು ಮೇಜಿನಲ್ಲಿ ಎಂಬತ್ತರ ಅಜ್ಜಂದಿರ ಇಸ್ಪೀಟು, ಪಕ್ಕದ ಮೇಜಿನಲ್ಲಿ ಕೂದಲಿಗೆ ನೀಲಿ ಬಣ್ಣ ಹಾಕಿದ ಕಾಲೇಜು ಹುಡುಗರು. ಇಬ್ಬರದೂ ಒಂದೇ ಬಟ್ಟಲು, ಒಂದೇ ಚಹಾ. ಮೊದಲ ಅಳತೆಗೋಲಿನ ಬಗ್ಗೆ ನಾನು ಹೇಳಲು ಹೊರಟಿದ್ದು ಇದನ್ನೇ.

ವಿನ್ಯಾಸದಲ್ಲೂ ಚೆಂಗ್ಡು ಹಿಂದಿಲ್ಲ. ದಾಚಿ ದೇವಾಲಯದ ಸುತ್ತ ಬೆಳೆದ ತೈಕೂ ಲಿ ಮಾರುಕಟ್ಟೆ ಎತ್ತರಕ್ಕೆ ಏರಲಿಲ್ಲ, ಎರಡು ಮೂರು ಮಹಡಿಗೇ ನಿಂತಿದೆ. ಇಳಿಜಾರು ಚಾವಣಿ, ಓಣಿಯಂಥ ದಾರಿಗಳು, ನಡುನಡುವೆ ಉಳಿಸಿಕೊಂಡ ಹಳೆಯ ಅಂಗಳಮನೆಗಳು. ಅಂಗಡಿಗಳು ದುಬಾರಿ. ಕೊಳ್ಳಬೇಕೆಂದೇನೂ ಇಲ್ಲ, ಊರಿನ ಯುವಜನ ತಮ್ಮ ಉಡುಗೆ ತೋರಿಸಲು ಬರುವುದೇ ಇಲ್ಲಿಗೆ. ಹಾನ್‌ಫು ಉಟ್ಟವರು, ರಾಪ್ ಗಾಯಕರಂತೆ ಸಡಿಲ ಪ್ಯಾಂಟಿನವರು ಒಟ್ಟೊಟ್ಟಿಗೆ. ಈ ಊರಿನ ರಾಪ್ ಸಂಗೀತ ಇಲ್ಲಿನ ಸಿಚುವಾನ್ ಪ್ರಾಂತ್ಯದ ಆಡುಮಾತಿನಲ್ಲೇ ಬೆಳೆದು ಹೆಸರು ಮಾಡಿತು ಎಂಬುದು ಗಮನಿಸಬೇಕಾದ ಸಂಗತಿ. ಗೋಡೆಯಾಚೆ ದೇವಾಲಯದೊಳಗೆ ಕಾಲಿಟ್ಟರೆ ಸದ್ದು ಕಡಿಮೆಯಾಗಿ ಚಹಾ ಕುಡಿಯುವವರು ಕಾಣುತ್ತಾರೆ. ಊರಿನ ಪೂರ್ವಕ್ಕೆ, ಎಲೆಕ್ಟ್ರಾನ್ ಟ್ಯೂಬ್ ಮಾಡುತ್ತಿದ್ದ ಹಳೆಯ ಕಾರ್ಖಾನೆ ಸಂಗೀತ ಮತ್ತು ಕಾಸ್‌ಪ್ಲೇ (ಕಾರ್ಟೂನು, ಗೇಮುಗಳ ಪಾತ್ರಗಳ ವೇಷ ಹಾಕುವುದು) ಜಾಗವಾಗಿದೆ. ಎಲ್ಲರೂ ಹೇಳುವ ಕುವಾನ್‌ಝಾಯ್ ಓಣಿಯನ್ನು ಧಾರಾಳವಾಗಿ ಬಿಡಬಹುದು, ಆರಂಭದಲ್ಲಿ ಹೇಳಿದ ಪ್ರದರ್ಶನದ ಬೀದಿ ಅದು.

ಸಸ್ಯಾಹಾರಿಗಳು ಇಲ್ಲಿ ಒಂದು ವಿಷಯ ಚೆನ್ನಾಗಿ ನೆನಪಿಡಬೇಕು. ಮೇಜಿನ ಮೇಲೆ ಕುದಿಯುವ ಸಾರಿನಲ್ಲಿ ಬೇಯಿಸಿಕೊಂಡು ತಿನ್ನುವ ಹಾಟ್‌ಪಾಟ್ ಇಲ್ಲಿ ಪ್ರಸಿದ್ಧ, ಸಿಚುವಾನ್‌ನ ಅದರ ಕೆಂಪು ಸಾರಿನ ಆಧಾರವೇ ದನದ ಕೊಬ್ಬು. ತರಕಾರಿ ಮಾತ್ರ ಹಾಕಿಕೊಂಡರೂ ಸಾರು ಸಸ್ಯಾಹಾರವಲ್ಲ. ಅಣಬೆ ಸಾರು ಕೇಳಿ, ಅಥವಾ ವೆನ್ಶು ವಿಹಾರದ ಸಸ್ಯಾಹಾರಿ ಹೋಟೆಲಿಗೆ ಹೋಗಿ. ಸಾದಾ ಹೋಟೆಲಿನಲ್ಲಿ ‘ಮಾಂಸ ಹಾಕಬೇಡಿ’ ಎಂದಷ್ಟೇ ಹೇಳಿದರೆ ಮಾಪೊ ತೋಫುವಿನ ಮೇಲೆ ಕೊಚ್ಚಿದ ಮಾಂಸ ಸ್ವಲ್ಪ ಬಂದೇ ಬರಬಹುದು, ‘ಬೌದ್ಧರ ಊಟ’ ಎಂದು ಹೇಳಿದರೆ ಬೇಗ ಅರ್ಥವಾಗುತ್ತದೆ. ಬೌದ್ಧ ವಿಹಾರಗಳ ಅಡುಗೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿಯೂ ಇರುವುದಿಲ್ಲ. ಹಾಗಾಗಿ ಮಡಿ ಊಟದ ಹಿರಿಯರಿಗೂ ಅದು ಹೊಂದುತ್ತದೆ. ಖರ್ಚಿನಲ್ಲಿ ಚೆಂಗ್ಡು ಶಾಂಘೈಗಿಂತ ಬಹಳ ಹಗುರ, ಕೋಣೆ ಇನ್ನೂರೈವತ್ತು-ಮುನ್ನೂರು ಯುವಾನ್‌ಗೆ ಚೆನ್ನಾಗಿಯೇ ಸಿಗುತ್ತದೆ. ಕೊರತೆ ಎಂದರೆ ದೂರ. ಶಾಂಘೈ, ಬೀಜಿಂಗ್ ಎರಡಕ್ಕೂ ದೂರವಾದ್ದರಿಂದ ಇನ್ನೊಂದು ಊರು ಸೇರಿಸಿಕೊಳ್ಳಬೇಕೆಂದರೆ ವಿಮಾನ ಖರ್ಚು. ಆಕಾಶವೂ ವರ್ಷದ ಹೆಚ್ಚಿನ ದಿನ ಬೂದು.

ಜಿಂಗ್ಡೆಝೆನ್

ಈ ಹೆಸರು ಪಟ್ಟಿಯಲ್ಲಿ ತಾನಾಗಿ ಬರುವುದಿಲ್ಲ, ನಾನೇ ಸೇರಿಸುತ್ತೇನೆ. ವಿನ್ಯಾಸ ಓದುವವರು, ಕುಂಬಾರಿಕೆ, ಕೈಕೆಲಸದಲ್ಲಿ ಆಸಕ್ತಿ ಇರುವವರು ಬೇರೆ ಎಲ್ಲವನ್ನೂ ಬಿಟ್ಟು ಇಲ್ಲಿಗೆ ಬಂದರೂ ಲಾಭವೇ. ಸಾವಿರ ವರ್ಷದಿಂದ ಪಿಂಗಾಣಿ ಸುಡುತ್ತಿರುವ ಊರು. 1004ರಲ್ಲಿ ಸೊಂಗ್ ವಂಶದ ಚಕ್ರವರ್ತಿ ತನ್ನ ಆಳ್ವಿಕೆಯ ಕಾಲದ ಹೆಸರಾದ ‘ಜಿಂಗ್ಡೆ’ಯನ್ನೇ ಊರಿಗಿಟ್ಟ. ಪಿಂಗಾಣಿಗೆ ಜಗತ್ತೆಲ್ಲ ಬಳಸುವ ಕೆಯೊಲಿನ್ ಎಂಬ ಬಿಳಿ ಮಣ್ಣಿಗೆ ಆ ಹೆಸರು ಬಂದಿದ್ದು ಇಲ್ಲಿನ ಪಕ್ಕದ ಹಳ್ಳಿಯಿಂದ.

ಇಲ್ಲಿಗೆ ದೇಶದ ಎಲ್ಲ ಕಡೆಯಿಂದ ಸಾವಿರಾರು ಯುವಕ ಯುವತಿಯರು ಬಂದು ನೆಲೆಸಿದ್ದಾರೆ. ದೊಡ್ಡ ಊರಿನ ಆಫೀಸು ಬಿಟ್ಟುಬಂದವರಿದ್ದಾರೆ, ಕಲಾಶಾಲೆ ಮುಗಿಸಿದವರಿದ್ದಾರೆ. ಬಾಡಿಗೆ ಕಡಿಮೆ ಎಂಬುದು ಒಂದು ಕಾರಣ. ಇನ್ನೂ ಮುಖ್ಯ ಕಾರಣ ಊರಿನ ಕೆಲಸದ ಹಂಚಿಕೆ. ಮಣ್ಣು ಹದಮಾಡುವವರು ಒಬ್ಬರು, ತಿಗರಿಯ ಮೇಲೆ ಎತ್ತುವವರು ಒಬ್ಬರು, ಒಣಗಿದ ಮೇಲೆ ಹೆರೆಯುವವರು ಇನ್ನೊಬ್ಬರು, ಅಚ್ಚಿನವರು, ಬಣ್ಣದವರು, ಗಾಜುಲೇಪದವರು, ಬಾಡಿಗೆ ಗೂಡಿನವರು, ಕೊನೆಗೆ ಪೆಟ್ಟಿಗೆ ಕಟ್ಟುವವರು. ಹದಿನೇಳನೆಯ ಶತಮಾನದ ತಾಂತ್ರಿಕ ಗ್ರಂಥವೊಂದು, ಒಂದು ಬಟ್ಟಲು 72 ಕೈ ದಾಟಿ ಬರುತ್ತದೆ ಎಂದು ಬರೆದಿತ್ತು. ಆ ವ್ಯವಸ್ಥೆ ಇನ್ನೂ ಉಸಿರಾಡುತ್ತಿರುವುದರಿಂದ, ಸ್ವಂತ ಗೂಡಿಲ್ಲದ ಹುಡುಗಿಯೂ ಹತ್ತು ಬಟ್ಟಲು ಮಾಡಿ, ಲೆಕ್ಕಕ್ಕೆ ತಕ್ಕ ದುಡ್ಡು ಕೊಟ್ಟು ಸುಡಿಸಿಕೊಂಡು ಶನಿವಾರ ಮಾರಬಹುದು. ಹಳೆಯ ಶಿಲ್ಪ ಪಿಂಗಾಣಿ ಕಾರ್ಖಾನೆಯ ಆವರಣದಲ್ಲಿ ಶನಿವಾರ ಬೆಳಿಗ್ಗೆ ನಡೆಯುವ ಲೆತಿಯಾನ್ ಸಂತೆಯಲ್ಲಿ ಮಾರುವವರೆಲ್ಲ ಮಾಡಿದವರೇ. ಬಟ್ಟಲನ್ನು ಬೆಳಕಿಗೆ ಹಿಡಿದು ಗೋಡೆ ಎಷ್ಟು ತೆಳುವಿದೆ ಎಂದು ತೋರಿಸುತ್ತಾರೆ, ಉಗುರಿನಿಂದ ಅಂಚಿಗೆ ತಟ್ಟಿ ಸದ್ದು ಕೇಳಿಸುತ್ತಾರೆ. ಚೌಕಾಸಿ ಮಾಡುವ ನಮ್ಮ ಅಭ್ಯಾಸ ಇಲ್ಲಿ ಬೇಡ, ಕೈಕೆಲಸದ ಬೆಲೆ ಅದು.

ಊರಿನ ನಡುವಿನ ಇಂಪೀರಿಯಲ್ ಕಿಲ್ನ್ ಮ್ಯೂಸಿಯಂ (ಝು ಪೆಯಿ ವಿನ್ಯಾಸ, 2020) ಈಚಿನ ಚೀನೀ ಕಟ್ಟಡಗಳಲ್ಲಿ ನಾನು ಬಹಳ ಮೆಚ್ಚುವಂಥದ್ದು. ಹಳೆಯ ಸುಡುಗೂಡುಗಳ ಆಕಾರದ ಇಟ್ಟಿಗೆ ಕಮಾನುಗಳು ನೆಲದೊಳಕ್ಕೆ ಅರ್ಧ ಇಳಿದು ಮಲಗಿವೆ. ಇಲ್ಲಿ ಕೆಲವು ವರ್ಷಕ್ಕೊಮ್ಮೆ ಗೂಡನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದರು. ಶಾಖ ಹಿಡಿಯಲಾರದ ಹಳೆಯ ಇಟ್ಟಿಗೆಗಳಿಂದ ಊರವರು ಮನೆ ಕಟ್ಟಿಕೊಳ್ಳುತ್ತಿದ್ದರು. ಚಳಿಗಾಲದಲ್ಲಿ ಮಕ್ಕಳು ಗೂಡಿನ ಬಿಸಿ ಇಟ್ಟಿಗೆಯೊಂದನ್ನು ಚೀಲದಲ್ಲಿಟ್ಟುಕೊಂಡು ಶಾಲೆಗೆ ಹೋಗುತ್ತಿದ್ದ ನೆನಪನ್ನು ಝು ಪೆಯಿ ಈ ವಿನ್ಯಾಸದ ಹಿನ್ನೆಲೆಯಾಗಿ ಹೇಳಿದ್ದಾರೆ. ಮ್ಯೂಸಿಯಂನ ಗೋಡೆಗಳಲ್ಲೂ ಹೊಸ ಇಟ್ಟಿಗೆ ಜೊತೆ ಆ ಹಳೆಯ ಗೂಡಿನ ಇಟ್ಟಿಗೆ ಬೆರೆತಿದೆ. ಅರಮನೆಗೆ ಒಪ್ಪಿಗೆಯಾಗದೆ ಒಡೆದು ಹೂಳಿದ್ದ ಪಾತ್ರೆಗಳನ್ನು ಚೂರುಚೂರು ಜೋಡಿಸಿ ಊರಿನ ಸಂಗ್ರಹಾಲಯಗಳಲ್ಲಿ ಇಟ್ಟಿದ್ದಾರೆ.

ತೊಂದರೆಗಳೂ ಇವೆ. ಇಂಗ್ಲಿಷ್ ಬಹಳ ಕಡಿಮೆ, ಸಸ್ಯಾಹಾರದ ಹೋಟೆಲುಗಳು ಬೆರಳೆಣಿಕೆ, ಅನ್ನ-ಸೊಪ್ಪು-ತೋಫುವಿನಲ್ಲಿ ದಿನ ದೂಡಬೇಕಾಗಬಹುದು. ವಾರದ ದಿನ ಬಂದರೆ ಊರು ಅರ್ಧ ನಿದ್ದೆಯಲ್ಲಿರುತ್ತದೆ. ಶುಕ್ರವಾರ ಸಂಜೆ ಬಂದು ಭಾನುವಾರ ಹೊರಡಿ. ಹ್ಯಾಂಗ್‌ಝೌನಿಂದ ವೇಗದ ರೈಲಿನಲ್ಲಿ ಮೂರು ಗಂಟೆಯೊಳಗೆ ತಲುಪಬಹುದು. ಈ ನಾಲ್ಕೂ ಊರುಗಳಲ್ಲಿ ಅತಿ ಕಡಿಮೆ ಖರ್ಚು ಇಲ್ಲಿಯೇ, ನೀವು ಪಾತ್ರೆ ಕೊಳ್ಳದಿದ್ದರೆ.

ಉಳಿದ ಮೂರು, ಚಿಕ್ಕದಾಗಿ

ಶೆನ್‌ಝೆನ್ 1980ರಲ್ಲಿ ವಿಶೇಷ ಆರ್ಥಿಕ ವಲಯವಾಗಿ ಬೆಳೆಯಲು ಶುರುವಾದ ಊರು, 2008ರಿಂದ ಯುನೆಸ್ಕೊ ವಿನ್ಯಾಸ ನಗರ. ಉತ್ಪನ್ನ ವಿನ್ಯಾಸ, ಎಲೆಕ್ಟ್ರಾನಿಕ್ಸ್ ನಿಮ್ಮ ಕೆಲಸವಾದರೆ ಹುವಾಚಿಯಾಂಗ್‌ಬೆ ಮಾರುಕಟ್ಟೆಗೆ ಹೋಗಲೇಬೇಕು. ಸಂಪ್ರದಾಯ ಹುಡುಕುವವರಿಗೆ ನಾನ್‌ತೋ ಹಳೆಯ ಊರೊಂದು ಬಿಟ್ಟರೆ ಹೆಚ್ಚೇನಿಲ್ಲ. ಹಾಂಗ್‌ಕಾಂಗ್ ಮೂಲಕ ಬರುವವರು ಒಂದೂವರೆ ದಿನ ಇಟ್ಟುಕೊಂಡರೆ ಸಾಕು. ಚೊಂಗ್‌ಚಿಂಗ್ ಎಂಬ ಊರು, ವಸತಿ ಕಟ್ಟಡವೊಂದರೊಳಗಿಂದ ಹಾದುಹೋಗುವ ತನ್ನ ರೈಲಿನಿಂದಾಗಿ ಮೊಬೈಲುಗಳಲ್ಲೆಲ್ಲ ಹರಿದಾಡುತ್ತದೆ. ಊರು ನಿಜಕ್ಕೂ ಬೆರಗುಗೊಳಿಸುವಂಥದ್ದು, ಆದರೆ ಎಲ್ಲೆಲ್ಲೂ ಮೆಟ್ಟಿಲು. ಮಂಡಿನೋವಿರುವವರಿಗೆ ಬೇಡ.

ಶಿಯಾನ್ ವಿಚಾರದಲ್ಲಿ ನನ್ನ ಮನಸ್ಸು ಎರಡಾಗುತ್ತದೆ. ದಾತಾಂಗ್ ಬೀದಿಯಲ್ಲಿ ಸಂಜೆ ಸಾವಿರಾರು ಹುಡುಗಿಯರು ತಾಂಗ್ ಕಾಲದ ಉಡುಗೆಯಲ್ಲಿ ನಡೆಯುತ್ತಾರೆ, ಬಹುತೇಕ ಬಾಡಿಗೆಗೆ ತಂದದ್ದು, ಮುಖಾಲಂಕಾರ ಮತ್ತು ಫೋಟೊ ಸೇರಿಸಿ ಒಂದೇ ದರ. ನನ್ನ ಮೊದಲ ಅಳತೆಗೋಲಿನಲ್ಲಿ ಇದು ಪ್ರದರ್ಶನ. ಆದರೆ ಆ ಬೀದಿಯ ತುದಿಯಲ್ಲಿರುವ ದೊಡ್ಡ ಕಾಡುಬಾತಿನ ಗೋಪುರ 652ರಲ್ಲಿ ಕಟ್ಟಿದ್ದು, ಹ್ಯೂಯೆನ್ ತ್ಸಾಂಗ್ ಭಾರತದಿಂದ ಹೊತ್ತುತಂದ ಗ್ರಂಥಗಳನ್ನಿಡಲು. ನಮ್ಮ ಇಮ್ಮಡಿ ಪುಲಕೇಶಿಯ ರಾಜ್ಯಕ್ಕೆ ಬಂದು, ಅಲ್ಲಿನ ಜನರ ಸ್ವಾಭಿಮಾನ, ಸೈನಿಕರ ಕೆಚ್ಚನ್ನು ಬರೆದಿಟ್ಟವನು ಅವನು. ಬಾದಾಮಿ ನೋಡಿದ ಕನ್ನಡಿಗರು ಆ ಗೋಪುರದ ಮುಂದೆ ನಿಲ್ಲುವುದಕ್ಕೆಂದೇ ಶಿಯಾನ್ ಆರಿಸಿಕೊಂಡರೆ ನಾನು ಬೇಡವೆನ್ನಲಾರೆ. ಹದಿನಾಲ್ಕು ಕಿಲೋಮೀಟರಿನಷ್ಟು ಉದ್ದದ ಕೋಟೆಗೋಡೆಯ ಮೇಲೆ ಸೈಕಲ್ ತುಳಿಯುವುದಂತೂ ಮಕ್ಕಳಿಗೆ ಹಬ್ಬ.

ಯಾರಿಗೆ ಯಾವುದು

ಮೊದಲ ಸಲ, ಕುಟುಂಬದೊಂದಿಗೆ, ಊಟದ ಚಿಂತೆ ಇರುವವರು ಶಾಂಘೈ ಮತ್ತು ಹ್ಯಾಂಗ್‌ಝೌ ಹಿಡಿಯಿರಿ. ಹತ್ತು ದಿನವಿರುವ ವಿನ್ಯಾಸ ವಿದ್ಯಾರ್ಥಿಗಳು ಅದಕ್ಕೇ ಜಿಂಗ್ಡೆಝೆನ್ ಸೇರಿಸಿ. ಮೂರೂ ಒಂದೇ ರೈಲು ದಾರಿಯಲ್ಲಿ ಬರುತ್ತವೆ, ಖರ್ಚೂ ಕೊನೆಗೆ ಇಳಿಯುತ್ತದೆ. ಒಂಟಿಯಾಗಿ, ನಿಧಾನವಾಗಿ, ಕಡಿಮೆ ದುಡ್ಡಿನಲ್ಲಿ ಜನರ ನಡುವೆ ಕೂರಬಯಸುವವರು ಚೆಂಗ್ಡುವಿಗೆ ಹೋಗಿ ಅಲ್ಲೇ ಇದ್ದುಬಿಡಿ. ಚರಿತ್ರೆ ಓದಿಕೊಂಡವರಿಗೆ, ದಿನಕ್ಕೆ ಹದಿನೈದು ಸಾವಿರ ಹೆಜ್ಜೆ ಹಾಕಬಲ್ಲವರಿಗೆ ಬೀಜಿಂಗ್. ಬೀಜಿಂಗ್ ಮತ್ತು ಶಾಂಘೈ ಎರಡೂ ಬೇಕೇ ಬೇಕೆಂದರೆ ನಡುವಿನ 1,318 ಕಿಲೋಮೀಟರನ್ನು ವೇಗದ ರೈಲು ನಾಲ್ಕೂವರೆ ಗಂಟೆಯಲ್ಲಿ ದಾಟಿಸುತ್ತದೆ. ಆದರೆ ಆಗ ಒಂದೊಂದು ಊರಿಗೂ ನಾಲ್ಕು ದಿನಕ್ಕಿಂತ ಕಡಿಮೆ ಇಡಬೇಡಿ.

ಯಾವ ಊರಿಗೆ ಹೋದರೂ ಹೊರಡುವ ಮುನ್ನ ಮೊಬೈಲಿನಲ್ಲಿ ಅಲಿಪೇ ಎಂಬ ಹಣ ಪಾವತಿಯ ಆ್ಯಪ್ ಹಾಕಿ ಕಾರ್ಡು ಜೋಡಿಸಿಕೊಳ್ಳಿ, ಬೀದಿಯ ತರಕಾರಿ ಗಾಡಿಯಲ್ಲೂ ಅದೇ ಚಲಾವಣೆ. ಇನ್ನೂರು ಯುವಾನ್‌ಗಿಂತ ಹೆಚ್ಚಿನ ಪಾವತಿಗೆ ವಿದೇಶಿ ಕಾರ್ಡಿನ ಮೇಲೆ ಶೇ 3 ಶುಲ್ಕ ಬೀಳುತ್ತದೆ. ಗೂಗಲ್, ವಾಟ್ಸ್‌ಆ್ಯಪ್ ಹೋಟೆಲಿನ ವೈಫೈನಲ್ಲಿ ತೆರೆಯುವುದಿಲ್ಲ. ಭಾರತದ ಸಿಮ್ಮಿನ ರೋಮಿಂಗ್‌ನಲ್ಲಿ ಸಾಮಾನ್ಯವಾಗಿ ನಡೆಯುತ್ತವೆ. ಏಪ್ರಿಲ್ ಮತ್ತು ಅಕ್ಟೋಬರ್ ನಡುಭಾಗ ಈ ನಾಲ್ಕೂ ಊರುಗಳಿಗೆ ಹಿತವಾದ ಕಾಲ. ಅಕ್ಟೋಬರ್ ಮೊದಲ ವಾರ, ಮೇ ಮೊದಲ ದಿನಗಳು, ವಸಂತ ಹಬ್ಬದ (ಚೀನೀ ಹೊಸವರ್ಷದ) ಆಸುಪಾಸು ಮಾತ್ರ ಬೇಡ, ಇಡೀ ಚೀನಾ ಆಗ ರೈಲಿನಲ್ಲಿರುತ್ತದೆ. ರೈಲು ಟಿಕೆಟ್ ಹದಿನೈದು ದಿನ ಮೊದಲಷ್ಟೇ ಬಿಡುತ್ತಾರೆ. ಜಿಂಗ್ಡೆಝೆನ್‌ನ ಶುಕ್ರವಾರದ ರೈಲು ಬೇಗ ತುಂಬುವುದರಿಂದ ಮೊದಲು ಅದನ್ನು ಕಾಯ್ದಿರಿಸಿ, ಉಳಿದ ದಿನಗಳನ್ನು ಅದರ ಸುತ್ತ ಹೊಂದಿಸಿಕೊಳ್ಳಿ.